ಹಂಗಿನ ಬೆಲೆ: ಸೆನೆಗಾಲ್ ದೇಶದ ಕಡಲೆಕಾಯಿಯ ಕಥೆ



ಕಡಲೆಕಾಯಿ ಅನ್ನಿ, ನೆಲಗಡಲೆ ಅನ್ನಿ, ಶೇಂಗಾ ಅನ್ನಿ, ಈ ಬೆಳೆಯ ಪರಿಚಯವನ್ನು ನಿಮಗೆ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಎಕರೆಗೆ ಎಷ್ಟು ಬೀಜ ಬೇಕು, ಕಾಯಿ ಕಟ್ಟುವಾಗ ಎಷ್ಟು ಹದ ಬೇಕು, ಕಿತ್ತ ಮೇಲೆ ಎಷ್ಟು ದಿನ ಒಣಗಬೇಕು, ಇದೆಲ್ಲ ನಿಮಗೆ ಕೈಯಲ್ಲೇ ಇರುವ ವಿದ್ಯೆ. ಆದರೆ ಹಳ್ಳಿಗೆ ಹೋದಾಗಲೆಲ್ಲ ನೀವು ನನ್ನನ್ನು ಕೇಳುವ ಒಂದು ಪ್ರಶ್ನೆಗೆ ಮಣ್ಣು-ಗೊಬ್ಬರದ ಪುಸ್ತಕದಲ್ಲಿ ಉತ್ತರ ಸಿಕ್ಕುವುದಿಲ್ಲ. "ಸ್ವಾಮೀ, ಹೋದ ವರ್ಷ ಇದ್ದ ಬೆಲೆ ಈ ವರ್ಷ ಯಾಕಿಲ್ಲ? ಹೊಲ ಅದೇ, ಕಾಯಿ ಅದೇ, ತಕ್ಕಡಿ ಅದೇ. ಎಲ್ಲೋ ಕೂತವರು ಬೆಲೆ ಇಳಿಸಿಬಿಟ್ಟರಲ್ಲ, ಅವರು ಯಾರು?"

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಇವತ್ತು ನಿಮ್ಮನ್ನು ಸಮುದ್ರ ದಾಟಿಸಿ ಬೇರೊಂದು ದೇಶಕ್ಕೆ ಕರೆದುಕೊಂಡು ಹೋಗುತ್ತೇನೆ. ಅಷ್ಟು ದೂರ ಯಾಕೆ ಅಂತೀರಾ? ನಮ್ಮ ಮಂಡಿಯಲ್ಲಿ ಬೆಲೆ ಏರುವುದಕ್ಕೆ ಇಳಿಯುವುದಕ್ಕೆ ಹತ್ತು ಕಾರಣಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಬಿಡಿಸಿ ನೋಡುವುದು ಕಷ್ಟ. ಆ ದೇಶದಲ್ಲಿ ಹಾಗಲ್ಲ. ಯಾರು ಸಹಿ ಹಾಕಿದರು, ಯಾವ ವರ್ಷ ಹಾಕಿದರು, ಹತ್ತು ವರ್ಷದ ಮೇಲೆ ರೈತನ ತಕ್ಕಡಿಯಲ್ಲಿ ಏನಾಯಿತು ಎಂಬುದು ನಿಚ್ಚಳವಾಗಿ ಕಾಣುತ್ತದೆ.

ಆ ದೇಶದ ಹೆಸರು ಸೆನೆಗಾಲ್. ಆಫ್ರಿಕಾ ಖಂಡದ ತೀರ ಪಶ್ಚಿಮದ ತುದಿಯಲ್ಲಿ ಅಟ್ಲಾಂಟಿಕ್ ಸಾಗರದ ದಂಡೆಯ ಮೇಲಿದೆ. ಡಕಾರ್ ಅದರ ರಾಜಧಾನಿ. ನಮ್ಮ ಬಯಲುಸೀಮೆಯ ರೈತನನ್ನು ಅಲ್ಲಿನ ಹೊಲದ ಬದುವಿನ ಮೇಲೆ ನಿಲ್ಲಿಸಿದರೆ ಅವನಿಗೆ ಅಷ್ಟೇನೂ ಪರಕೀಯ ಅನ್ನಿಸುವುದಿಲ್ಲ. ಮರಳು ಮಿಶ್ರಿತ ಹಗುರ ಮಣ್ಣು. ಜೂನಿನಿಂದ ಅಕ್ಟೋಬರಿನವರೆಗೆ ಮಳೆ. ಉಳಿದ ತಿಂಗಳು ಒಣ ಹವೆ. ಊಟಕ್ಕೆ ಸಜ್ಜೆ ಮತ್ತು ಜೋಳ, ರೊಕ್ಕಕ್ಕೆ ಕಡಲೆಕಾಯಿ. ಮಳೆ ಬಿದ್ದೊಡನೆ ಬಿತ್ತನೆ, ಮಳೆ ನಿಂತ ಮೇಲೆ ಕೀಳುವುದು, ಆಮೇಲೆ ವ್ಯಾಪಾರದ ಕಾಲ.

ಕಡಲೆಕಾಯಿ ಆ ನೆಲದ ಮೂಲ ಬೆಳೆಯಲ್ಲ. ಅದರ ತವರು ದಕ್ಷಿಣ ಅಮೆರಿಕ. ಪೋರ್ಚುಗೀಸರ ಹಡಗುಗಳಲ್ಲಿ ಅದು ಆಫ್ರಿಕಾಕ್ಕೆ ಬಂತು. ಬಹಳ ಕಾಲ ಮನೆಮಟ್ಟಿಗೆ ಬೆಳೆಯುವ ಕಾಯಾಗಿತ್ತು. 1840ರ ದಶಕದಲ್ಲಿ ಫ್ರಾನ್ಸಿನ ಮಾರ್ಸೇಲ್ ಬಂದರಿನ ಎಣ್ಣೆ ಗಿರಣಿಯವರೂ ಸಾಬೂನು ತಯಾರಿಸುವವರೂ ಈ ಕಾಯಿಗೆ ಬೇಡಿಕೆ ಇಟ್ಟರು. ಸೆನೆಗಾಲ್ ಕರಾವಳಿಯಲ್ಲಿ ಆಗಲೇ ಫ್ರೆಂಚರ ನೆಲೆಗಳಿದ್ದವು. ಕ್ರಮೇಣ ಒಳನಾಡೂ ಅವರ ವಸಾಹತಾಯಿತು. ವಸಾಹತು ಎಂದರೆ ಪರರಾಜ್ಯದವರು ಆಳುವ ನಾಡು. ನಾವೂ ಅದನ್ನು ಕಂಡವರೇ. 1885ರಲ್ಲಿ ಡಕಾರಿನಿಂದ ಸೇಂಟ್ ಲೂಯಿ ಪಟ್ಟಣಕ್ಕೆ ರೈಲು ಹಾದಿ ಮುಗಿಯಿತು. ರೈಲು ಹೋದಲ್ಲೆಲ್ಲ ಕಡಲೆಕಾಯಿ ಹೊಲ ಹಬ್ಬಿತು.

ಹೊಲ ಹಬ್ಬಿತು ಅಂದರೆ ಬೇರೆ ಯಾವುದೋ ಹಿಂದೆ ಸರಿಯಿತು ಅಂತ ಅರ್ಥ, ಅಲ್ಲವೆ? ಹಿಂದೆ ಸರಿದದ್ದು ಸಜ್ಜೆ. ಬೀಳು ಬಿಟ್ಟು ನೆಲಕ್ಕೆ ವಿಶ್ರಾಂತಿ ಕೊಡುವ ಪದ್ಧತಿಯೂ ಕಡಿಮೆಯಾಯಿತು. ಹಾಗಾದರೆ ಉಣ್ಣುವುದಕ್ಕೆ ಏನು? ಆಗ ಸೈಗಾನ್ ಬಂದರಿನ ಕಡೆಯ ನಾಡೂ ಫ್ರೆಂಚರದೇ. ಅಲ್ಲಿ ಅಕ್ಕಿ ಗಿರಣಿಗಳಲ್ಲಿ ಉಳಿಯುವ ನುಚ್ಚಕ್ಕಿ ಹಡಗು ಹತ್ತಿ ಸೆನೆಗಾಲಿಗೆ ಬಂತು. ಒಬ್ಬ ಯಜಮಾನನ ಎರಡು ಹೊಲ. ಒಂದರಿಂದ ಎಣ್ಣೆಕಾಯಿ ತೆಗೆದ, ಇನ್ನೊಂದರಿಂದ ನುಚ್ಚು ತಂದು ಮೊದಲನೆಯ ಹೊಲದವನಿಗೆ ಮಾರಿದ. ಸೆನೆಗಾಲಿನ ಮನೆಗಳಲ್ಲಿ ನುಚ್ಚಕ್ಕಿ ಅನ್ನದ ರೂಢಿ ಅಂದು ಬೇರೂರಿದ್ದು ಹಾಗೆಯೇ ಉಳಿಯಿತು.

ಬಿತ್ತನೆ ಬೀಜದ ಸಂಗತಿಯನ್ನೂ ಕೇಳಿ. ಮಳೆಗಾಲದ ಹಸಿವಿನ ತಿಂಗಳುಗಳಲ್ಲಿ ಬೀಜವನ್ನೇ ತಿಂದುಬಿಟ್ಟ ರೈತನಿಗೆ ಸರಕಾರದ ಕಡೆಯ ಸಂಘಗಳು ಬೀಜ ಸಾಲ ಕೊಡುತ್ತಿದ್ದವು. ನೂರು ಕಿಲೋ ತೆಗೆದುಕೊಂಡರೆ ಸುಗ್ಗಿಯಲ್ಲಿ ನೂರಾ ಇಪ್ಪತ್ತೈದು ಕಿಲೋ ಹಿಂತಿರುಗಿಸಬೇಕು. ಕಾಯಿ ಬೆಳೆಯದೆ ತೆರಿಗೆ ಕಟ್ಟುವುದಕ್ಕಾಗದು; ಬೆಳೆಯಬೇಕಾದರೆ ಬೀಜದ ಸಾಲ ಬೇಕು; ಸಾಲ ತೀರಬೇಕಾದರೆ ಮತ್ತೆ ಕಾಯಿಯೇ ಬೆಳೆಯಬೇಕು. ಗಾಣದ ಎತ್ತು ಸುತ್ತಿದ ಹಾಗೆ.

ಈಗ ಸುಂಕದ ಮಾತಿಗೆ ಬರೋಣ. ಮಾರ್ಸೇಲಿನ ಗಿರಣಿಗಳಿಗೆ ಕಾಯಿ ಹೋಗುತ್ತಿದ್ದದ್ದು ಸೆನೆಗಾಲಿನಿಂದ ಮಾತ್ರವಲ್ಲ. ನಮ್ಮ ದಕ್ಷಿಣ ಭಾರತದಿಂದಲೂ ಹೋಗುತ್ತಿತ್ತು. ಪಾಂಡಿಚೇರಿ, ಮದರಾಸು ಕರಾವಳಿಯ ಬಂದರುಗಳಲ್ಲಿ ನಮ್ಮ ಕಡಲೆಬೀಜ ಹಡಗು ಹತ್ತುತ್ತಿತ್ತು. ಫ್ರಾನ್ಸು ಅದರ ದೊಡ್ಡ ಗಿರಾಕಿ. 1930ರ ದಶಕದ ಆರಂಭದಲ್ಲಿ ಪ್ರಪಂಚದಲ್ಲೆಲ್ಲ ಬೆಲೆ ಕುಸಿಯಿತು. ಆಗ 1933ರಲ್ಲಿ ಫ್ರಾನ್ಸು ಒಂದು ಕಾನೂನು ಮಾಡಿತು. ಹೊರದೇಶದ ಎಣ್ಣೆಬೀಜಕ್ಕೆ ಸುಂಕ. ತನ್ನ ವಸಾಹತುಗಳ ಎಣ್ಣೆಬೀಜಕ್ಕೆ ಸುಂಕವಿಲ್ಲ. ಒಂದೇ ಕಾನೂನು ಸೆನೆಗಾಲಿನ ರೈತನಿಗೆ ನೆರಳಾಯಿತು, ನಮ್ಮ ಕಡೆಯ ರೈತನಿಗೆ ಬಿಸಿಲಾಯಿತು.

ಇದಕ್ಕೆ ಸುಂಕದ ಸಲಿಗೆ ಎನ್ನೋಣ. ಇದರ ಲೆಕ್ಕ ಸುಲಭ. ತಿಳಿಯುವುದಕ್ಕೆಂದು ಒಂದು ಅಂಕಿ ಹಿಡಿಯೋಣ. ಬಂದರಿನಲ್ಲಿ ಗಿರಣಿಯವನು ಒಂದು ಮೂಟೆಗೆ ನೂರು ರೂಪಾಯಿ ಕೊಡುತ್ತಾನೆ ಅನ್ನಿ. ಹೊರಗಿನವನ ಮೂಟೆಗೆ ಹತ್ತು ರೂಪಾಯಿ ಸುಂಕ. ಅವನ ಕೈಗೆ ತೊಂಬತ್ತು. ಸಲಿಗೆ ಇದ್ದವನಿಗೆ ಸುಂಕವಿಲ್ಲ. ಅವನ ಕೈಗೆ ಪೂರ್ತಿ ನೂರು. ನಡುವಿನ ಹತ್ತು ರೂಪಾಯಿಯೇ ಸಲಿಗೆ. ಇದನ್ನು ಚೆನ್ನಾಗಿ ನೆನಪಿನಲ್ಲಿಡಿ: ಆ ಹತ್ತು ರೂಪಾಯಿ ಹುಟ್ಟಿದ್ದು ಸಲಿಗೆ ಇದ್ದವನ ಹೊಲದಲ್ಲಿ ಅಲ್ಲ, ಹೊರಗಿನವನ ಮೇಲೆ ಹಾಕಿದ ಸುಂಕದಲ್ಲಿ. ನಾಳೆ ಹೊರಗಿನವನ ಸುಂಕವನ್ನು ತೆಗೆದುಹಾಕಿದರೆ ಸಲಿಗೆ ಇದ್ದವನಿಂದ ಯಾರೂ ಏನನ್ನೂ ಕಿತ್ತುಕೊಂಡಂತೆ ಕಾಣುವುದಿಲ್ಲ. ಆದರೂ ಅವನ ಸಲಿಗೆ ಕರಗಿಹೋಗಿರುತ್ತದೆ.

ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸೆನೆಗಾಲಿನ ಕಡಲೆಕಾಯಿಗೂ ಎಣ್ಣೆಗೂ ಪ್ರಪಂಚದ ಬೆಲೆಗಿಂತ ಮೇಲಾದ ಬೆಲೆ ಕಟ್ಟಿ ಕೊಳ್ಳುವ ಏರ್ಪಾಟು ಮಾಡಿತು. ಹೊರಗೆ ಬೆಲೆ ಬಿದ್ದರೂ ಸೆನೆಗಾಲಿನ ರೈತನಿಗೆ ಬೀಳದು. ಎಂಥ ಅನುಕೂಲ ಅಂತೀರಾ? ಅನುಕೂಲ ನಿಜ. ಆದರೆ ತಕ್ಕಡಿಗೆ ಎರಡು ತಟ್ಟೆ. ಸೆನೆಗಾಲಿನವರು ಬಟ್ಟೆ, ಸಕ್ಕರೆ, ಯಂತ್ರ ಮುಂತಾದ ಸಾಮಾನುಗಳನ್ನು ಫ್ರಾನ್ಸಿನಿಂದಲೇ ತರಿಸಬೇಕಾಗಿತ್ತು. ಅವುಗಳ ಬೆಲೆಯೂ ಪ್ರಪಂಚದ ಬೆಲೆಗಿಂತ ಹೆಚ್ಚು. ಒಂದು ಕೈಯಲ್ಲಿ ಹೆಚ್ಚಿಗೆ ಬಂದದ್ದರಲ್ಲಿ ಒಂದು ಪಾಲು ಇನ್ನೊಂದು ಕೈಯಿಂದ ಹಿಂದಕ್ಕೆ ಹೋಗುತ್ತಿತ್ತು.

ಗಾಣದ ವಿಷಯದಲ್ಲೂ ಹೀಗೆಯೇ. ಕಾಯಿ ಮಾರುವುದಕ್ಕಿಂತ ಎಣ್ಣೆ ತೆಗೆದು ಮಾರಿದರೆ ಲಾಭ ಊರಲ್ಲೇ ಉಳಿಯುತ್ತದೆ, ಹಿಂಡಿ ದನಕ್ಕೆ ಆಗುತ್ತದೆ. ಇದು ನಿಮಗೆ ತಿಳಿದ ಸಂಗತಿ. ಆದರೆ ಸೆನೆಗಾಲಿನಲ್ಲಿ ಎಣ್ಣೆ ಗಿರಣಿ ಎದ್ದಾಗ ಫ್ರಾನ್ಸಿನ ಗಿರಣಿಯವರು ಒಪ್ಪಲಿಲ್ಲ. ಯುದ್ಧಕ್ಕೆ ಮುಂಚೆ ಅಲ್ಲಿಂದ ಫ್ರಾನ್ಸಿಗೆ ಬರುವ ಎಣ್ಣೆಗೆ ಮಿತಿ ಹಾಕಿಸಿದರು. ಯುದ್ಧಕಾಲದಲ್ಲಿ ಹಡಗುಗಳ ಓಡಾಟ ಕೆಟ್ಟು, ಕಾಯಿ ತುಂಬಿ ಸಾಗಿಸುವುದು ಕಷ್ಟವಾದಾಗ ಮಾತ್ರ ಡಕಾರಿನ ಗಿರಣಿಗಳಿಗೆ ಬೆಳೆಯಲು ಅವಕಾಶ ಸಿಕ್ಕಿತು. ಸಲಿಗೆ ಕೊಟ್ಟವನು ಆ ಸಲಿಗೆಯ ಅಂಚನ್ನೂ ತಾನೇ ಗೀಚಿರುತ್ತಾನೆ ಎಂಬುದಕ್ಕೆ ಇದು ಸಾಕ್ಷಿ.

ಇನ್ನು ಕಥೆಯ ನಡುಭಾಗ. 1957ನೆಯ ಇಸವಿ ಮಾರ್ಚ್ 25ರಂದು ಇಟಲಿಯ ರೋಮ್ ನಗರದಲ್ಲಿ ಆರು ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಫ್ರಾನ್ಸು, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ಹಾಲೆಂಡ್, ಲಕ್ಸೆಂಬರ್ಗ್, ಇವೇ ಆ ಆರು. ಎರಡು ಮಹಾಯುದ್ಧಗಳಲ್ಲಿ ಒಬ್ಬರನ್ನೊಬ್ಬರು ಸುಟ್ಟುಕೊಂಡಿದ್ದವರು ಇನ್ನು ಮೇಲೆ ಕೂಡಿ ವ್ಯಾಪಾರ ಮಾಡೋಣ ಎಂದು ನಿಶ್ಚಯಿಸಿದರು. ಇದಕ್ಕೆ ಯೂರೋಪಿನ ಸಾಮಾನ್ಯ ಮಾರುಕಟ್ಟೆ ಎಂದು ಹೆಸರಾಯಿತು. 1958ರ ಜನವರಿ 1ರಿಂದ ಒಪ್ಪಂದ ಜಾರಿಗೆ ಬಂತು.

ಸಾಮಾನ್ಯ ಮಾರುಕಟ್ಟೆ ಎಂದರೇನು? ಆರು ಊರುಗಳಿವೆ, ಪ್ರತಿಯೊಂದು ಊರಿನ ಬಾಗಿಲಲ್ಲಿ ಒಂದೊಂದು ಸುಂಕದ ಕಟ್ಟೆ ಇದೆ ಎಂದುಕೊಳ್ಳಿ. ಒಂದೂರಿನ ಗಾಡಿ ಇನ್ನೊಂದೂರಿಗೆ ಹೋದರೆ ಸುಂಕ ಕೊಡಬೇಕು. ಆ ಆರು ಊರಿನವರೂ ಸೇರಿ ತಮ್ಮ ತಮ್ಮ ನಡುವಿನ ಕಟ್ಟೆಗಳನ್ನು ಸ್ವಲ್ಪಸ್ವಲ್ಪವಾಗಿ ಕೆಡವಿಹಾಕಿ, ಆರಕ್ಕೂ ಸೇರಿ ಹೊರಸುತ್ತಿಗೆ ಒಂದೇ ಕಟ್ಟೆ ಕಟ್ಟುತ್ತಾರೆ. ಹೊರಗಿನಿಂದ ಬರುವ ಗಾಡಿ ಯಾವ ಊರಿನ ಬಾಗಿಲಿಗೆ ಬಂದರೂ ಸುಂಕ ಒಂದೇ. ಈ ಕೆಲಸ ಪೂರ್ತಿಯಾದದ್ದು 1968ರ ಜುಲೈ 1ರಂದು. ಈ ತಾರೀಖನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆದರೆ ಫ್ರಾನ್ಸಿಗೆ ಒಂದು ತೊಡಕಿತ್ತು. ಅದಕ್ಕೆ ಆಫ್ರಿಕಾದಲ್ಲಿ ಹತ್ತಾರು ವಸಾಹತುಗಳು. ಅವುಗಳಿಗೆ ಸಲಿಗೆ ಕೊಟ್ಟಿದೆ. ಆರು ಊರಿನ ಬೇಲಿಯೊಳಕ್ಕೆ ತಾನು ಹೋದರೆ ಅವು ಹೊರಗುಳಿಯುತ್ತವೆ. ಆದ್ದರಿಂದ ಫ್ರಾನ್ಸು ಹಟ ಹಿಡಿಯಿತು: "ನನ್ನ ವಸಾಹತುಗಳ ಸರಕನ್ನೂ ಸುಂಕವಿಲ್ಲದೆ ಒಳಗೆ ಬಿಡಬೇಕು, ಅವುಗಳ ರಸ್ತೆ, ಶಾಲೆ, ಆಸ್ಪತ್ರೆಯ ಖರ್ಚಿನಲ್ಲಿ ನೀವೂ ಪಾಲು ಹಾಕಬೇಕು." ಜರ್ಮನಿಗೂ ಹಾಲೆಂಡಿಗೂ ಇದು ಅಷ್ಟು ಹಿಡಿಸಲಿಲ್ಲ. ಜರ್ಮನಿಯವರು ಬಾಳೆಹಣ್ಣು, ಕಾಫಿಯನ್ನು ದಕ್ಷಿಣ ಮತ್ತು ಮಧ್ಯ ಅಮೆರಿಕದಿಂದ ಅಗ್ಗವಾಗಿ ತರಿಸುತ್ತಿದ್ದರು. ಆ ಅನುಕೂಲ ಬಿಡಲು ಅವರು ಸಿದ್ಧರಿರಲಿಲ್ಲ. ಕೊನೆಗೆ ಜಗ್ಗಾಡಿ ರಾಜಿಯಾಯಿತು. ಜರ್ಮನಿಗೆ ಸುಂಕವಿಲ್ಲದ ಬಾಳೆಹಣ್ಣಿನ ಪಾಲು ಪ್ರತ್ಯೇಕವಾಗಿ ದೊರೆಯಿತು. ವಸಾಹತುಗಳ ಅಭಿವೃದ್ಧಿಗೆಂದು ಐದು ವರ್ಷಕ್ಕೆ 58 ಕೋಟಿ 10 ಲಕ್ಷ ಡಾಲರಿನ ನಿಧಿ ಏರ್ಪಟ್ಟಿತು. ಅದರಲ್ಲಿ ಫ್ರಾನ್ಸು 20 ಕೋಟಿ, ಜರ್ಮನಿ 20 ಕೋಟಿ ಹಾಕಿದವು. ನಿಧಿಯಲ್ಲಿ 51 ಕೋಟಿಗೂ ಹೆಚ್ಚು ಫ್ರಾನ್ಸಿನ ವಸಾಹತುಗಳಿಗೇ ಮೀಸಲಾಯಿತು.

ಈ ಜಗ್ಗಾಟದಲ್ಲಿ ಸೆನೆಗಾಲಿನ ರೈತ ಎಲ್ಲಿದ್ದ? ಸೆನೆಗಾಲಿನ ಪ್ರತಿನಿಧಿಗಳು ಫ್ರಾನ್ಸಿನ ಸಂಸತ್ತಿನಲ್ಲಿ ಕೂತಿದ್ದರು ನಿಜ. ಮುಂದೆ ಅಧ್ಯಕ್ಷರಾದ ಕವಿ ಲಿಯೊಪೋಲ್ಡ್ ಸೆಂಗೋರ್ ಅವರಲ್ಲೊಬ್ಬರು. ಆದರೆ ರೋಮಿನಲ್ಲಿ ಸಹಿ ಹಾಕುವ ಮೇಜಿಗೆ ಸೆನೆಗಾಲಿನ ಹೆಸರಿನಲ್ಲಿ ಕುರ್ಚಿ ಇರಲಿಲ್ಲ. ಅದರ ಪರವಾಗಿ ಫ್ರಾನ್ಸೇ ಸಹಿ ಹಾಕಿತು. ಒಪ್ಪಂದದ ಹಿಂಬದಿಗೆ ಹೊಲಿದ ಒಂದು ಪಟ್ಟಿಯಲ್ಲಿ ಸೆನೆಗಾಲಿನ ಹೆಸರಿತ್ತು, ಅಷ್ಟೆ. ಬೇಲಿಯ ಹೊರಗೆ ಉಳಿದ ದೇಶಗಳೂ ಗೊಣಗಿದವು. ಕೆಲವರಿಗೆ ಮಾತ್ರ ಸಲಿಗೆ ಕೊಟ್ಟರೆ ಉಳಿದ ಬಡ ದೇಶಗಳ ಗತಿ ಏನು ಎಂದು ಭಾರತವೂ ಅಂತರರಾಷ್ಟ್ರೀಯ ವ್ಯಾಪಾರ ಸಭೆಗಳಲ್ಲಿ ಆಕ್ಷೇಪಿಸಿತು.

ಇಲ್ಲಿಯವರೆಗೆ ನೋಡಿದರೆ ಸೆನೆಗಾಲಿಗೆ ಒಳ್ಳೆಯದೇ ಆಯಿತಲ್ಲ ಅನ್ನಿಸುತ್ತದೆ. ಮೊದಲು ಒಬ್ಬ ಗಿರಾಕಿ, ಈಗ ಆರು ಗಿರಾಕಿ. ಆದರೆ ಗಂಟು ಇರುವುದು ಇಲ್ಲೇ.

ಆರು ಊರಿಗೂ ಒಂದೇ ಸಂತೆ ಆದ ಮೇಲೆ ಒಂದು ಊರಿನವನು ಮಾತ್ರ ಹೆಚ್ಚಿನ ಬೆಲೆ ಕೊಟ್ಟು ಕಾಯಿ ಕೊಳ್ಳುವುದು ಹೇಗೆ ಸಾಧ್ಯ? ಜರ್ಮನಿಯ ಗಿರಣಿಯವನು ನೈಜೀರಿಯಾದ ಕಾಯಿಯನ್ನೋ ಅಮೆರಿಕದ ಸೋಯಾ ಅವರೆಯನ್ನೋ ಪ್ರಪಂಚದ ಬೆಲೆಗೆ ತಂದು ಎಣ್ಣೆ ತೆಗೆಯುತ್ತಾನೆ. ನಡುವಿನ ಕಟ್ಟೆ ಕೆಡವಿದ ಮೇಲೆ ಆ ಎಣ್ಣೆ ಸೀದಾ ಫ್ರಾನ್ಸಿಗೆ ಬರುತ್ತದೆ. ಹೆಚ್ಚಿನ ಬೆಲೆ ಕೊಟ್ಟ ಫ್ರಾನ್ಸಿನ ಗಿರಣಿಯವನು ಎದುರು ನಿಲ್ಲಲಾರ. ಆದ್ದರಿಂದ ಸಾಮಾನ್ಯ ಮಾರುಕಟ್ಟೆ ಮತ್ತು ಫ್ರಾನ್ಸಿನ ವಿಶೇಷ ಬೆಲೆ, ಇವೆರಡು ಒಂದೇ ಮನೆಯಲ್ಲಿ ಇರಲಾರದ ಸಂಗತಿಗಳು. ಒಂದು ಬಂದರೆ ಇನ್ನೊಂದು ಹೋಗಲೇಬೇಕು.

ಹೋಗಲಿ, ಸುಂಕದ ಸಲಿಗೆಯಾದರೂ ಉಳಿಯಿತೆ? ಅದೂ ಪೂರ್ತಿ ಉಳಿಯಲಿಲ್ಲ. ಯೂರೋಪಿನ ಗಿರಣಿಗಳಿಗೆ ಅಗ್ಗದ ಎಣ್ಣೆಬೀಜ ಬೇಕು, ದನಕರುಗಳಿಗೆ ಹಿಂಡಿ ಬೇಕು. ಇತ್ತ ಅಮೆರಿಕಕ್ಕೆ ತನ್ನ ಸೋಯಾ ಮಾರಬೇಕು. 1960ರಿಂದ 62ರವರೆಗೆ ನಡೆದ ಸುಂಕದ ಮಾತುಕತೆಯಲ್ಲಿ ಎಣ್ಣೆಬೀಜಗಳ ಮೇಲೆ ಯಾರಿಗೂ ಸುಂಕ ಹಾಕುವುದಿಲ್ಲ ಎಂದು ಆರು ದೇಶಗಳು ಅಮೆರಿಕಕ್ಕೆ ಮಾತು ಕೊಟ್ಟವು. ಮೊದಲು ಹೇಳಿದ ಹತ್ತು ರೂಪಾಯಿಯ ಲೆಕ್ಕ ನೆನಪಿದೆಯಲ್ಲ? ಎಲ್ಲರಿಗೂ ಬಾಗಿಲು ತೆರೆದ ಮೇಲೆ ನಿನಗೂ ತೆರೆದಿದೆ ಎನ್ನುವುದರಲ್ಲಿ ವಿಶೇಷವೇನು? ಬೀಜದ ಮೇಲಿನ ಸಲಿಗೆ ಕರಗಿತು. ಎಣ್ಣೆ ಮಾಡಿ ಕಳಿಸಿದರೆ ಮಾತ್ರ ಸ್ವಲ್ಪ ಸಲಿಗೆ ಉಳಿಯಿತು, ಯಾಕೆಂದರೆ ಹೊರಗಿನವರ ಎಣ್ಣೆಗೆ ಸುಂಕ ಇತ್ತು.

ಇಷ್ಟರಲ್ಲಿ 1960ರಲ್ಲಿ ಸೆನೆಗಾಲ್ ಸ್ವತಂತ್ರವಾಯಿತು. ಧ್ವಜ ಬದಲಾಯಿತು. ಆದರೆ ರಫ್ತಿನ ಸುಮಾರು ನೂರಕ್ಕೆ ಎಂಬತ್ತು ಪಾಲು ಕಡಲೆಕಾಯಿ, ಅದರ ಎಣ್ಣೆ ಮತ್ತು ಹಿಂಡಿ. ಗಿರಾಕಿ ಬಹುಪಾಲು ಫ್ರಾನ್ಸೇ. ಇಂಥ ಸ್ಥಿತಿಯಲ್ಲಿ ಸ್ವತಂತ್ರ ಸೆನೆಗಾಲ್ ಈ ಸಲ ತನ್ನದೇ ಕುರ್ಚಿಯಲ್ಲಿ ಕೂತು ಮಾತಾಡಿತು. 1963ರ ಜುಲೈ 20ರಂದು ಕ್ಯಾಮರೂನ್ ದೇಶದ ಯೌಂಡೆ ನಗರದಲ್ಲಿ ಆರು ಯೂರೋಪು ದೇಶಗಳಿಗೂ ಮಡಗಾಸ್ಕರ್ ಸೇರಿದಂತೆ ಹದಿನೆಂಟು ಆಫ್ರಿಕದ ದೇಶಗಳಿಗೂ ಹೊಸ ಒಪ್ಪಂದವಾಯಿತು. ನಿಧಿ 73 ಕೋಟಿಗೆ ಏರಿತು. ಅದರ ಜೊತೆಗೆ ಒಂದು ಕರಾರು: ಫ್ರಾನ್ಸಿನ ವಿಶೇಷ ಬೆಲೆ ಹಂತಹಂತವಾಗಿ ನಿಲ್ಲತಕ್ಕದ್ದು, ರೈತರು ಪ್ರಪಂಚದ ಬೆಲೆಗೆ ಒಗ್ಗಿಕೊಳ್ಳತಕ್ಕದ್ದು. ಒಗ್ಗಿಕೊಳ್ಳುವುದಕ್ಕೆ, ಬೇರೆ ಬೆಳೆ ಹಿಡಿಯುವುದಕ್ಕೆ ಅಂತ 23 ಕೋಟಿ ಬೇರೆ ಇಟ್ಟರು. ಆ ನೆರವು ವರ್ಷ ವರ್ಷಕ್ಕೆ ಇಳಿಯುತ್ತ ಹೋಗುವಂಥದ್ದು.

ನಾಲ್ಕು ವರ್ಷ ವಾಯಿದೆ ಇದೆಯಲ್ಲ, ಅಷ್ಟರಲ್ಲಿ ಸುಧಾರಿಸಿಕೊಳ್ಳಬಹುದು ಅಂತೀರಾ? ಕಾಗದದ ಮೇಲೆ ಸರಿ. ಹೊಲದಲ್ಲಿ ಆದದ್ದು ಬೇರೆ. ಬೆಲೆ ಇಳಿಯುತ್ತದೆಂದು ಗೊತ್ತಾದಾಗ ಹೆಚ್ಚು ಬೆಳೆದು ನಷ್ಟ ತುಂಬಿಕೊಳ್ಳಿ ಎಂದು ಉತ್ತೇಜನ ಕೊಟ್ಟರು. ಎತ್ತು-ಕುದುರೆ ಎಳೆಯುವ ಕೂರಿಗೆ, ರಸಗೊಬ್ಬರ, ಎಲ್ಲವೂ ಸಾಲದ ಮೇಲೆ ಬಂದವು. ರೈತರೂ ದುಡಿದರು. 1965-66ರ ಸುಗ್ಗಿಯಲ್ಲಿ ದೇಶದ ಬೆಳೆ 11 ಲಕ್ಷ ಟನ್ನು ದಾಟಿ ದಾಖಲೆಯಾಯಿತು. ಅದರ ಬೆನ್ನಿಗೇ ಮಳೆ ಕೈಕೊಟ್ಟಿತು. 1967ರಲ್ಲಿ ವಿಶೇಷ ಬೆಲೆ ಪೂರ್ತಿ ನಿಂತಿತು. ಕಿಲೋಗೆ 20 ಫ್ರಾಂಕಿಗೂ ಮೇಲಿದ್ದ ರೈತನ ಬೆಲೆ 18 ಫ್ರಾಂಕಿನ ಆಸುಪಾಸಿಗೆ ಕುಸಿಯಿತು. 1968ರಲ್ಲಿ ಮತ್ತೆ ಬರ. ಅದೇ ವರ್ಷದ ಜುಲೈಯಲ್ಲಿ ಯೂರೋಪಿನವರು ತಮ್ಮ ನಡುವಿನ ಕೊನೆಯ ಸುಂಕದ ಕಟ್ಟೆ ಕೆಡವಿ ಸಂತೋಷಪಟ್ಟರು.

ಸೆನೆಗಾಲಿನ ರೈತನ ಮನೆಯಲ್ಲಿ ಹೇಗಿತ್ತು ಊಹಿಸಿ. ಬೆಲೆ ಇಳಿಯಿತು, ಸಾಲದ ಕಂತು ಇಳಿಯಲಿಲ್ಲ. ನುಚ್ಚಕ್ಕಿ ಕೊಳ್ಳಲೇಬೇಕು. ಸರಕಾರದ ಖರೀದಿ ಸಂಸ್ಥೆ ತೂಕದಲ್ಲೇ ಸಾಲ ಹಿಡಿದುಕೊಳ್ಳುತ್ತಿತ್ತು. ರೈತ ಏನು ಮಾಡಿದ? ಕೂಗಾಡಲಿಲ್ಲ. ಕಡಲೆಕಾಯಿ ಹೊಲವನ್ನು ಕಡಿಮೆ ಮಾಡಿ ಸಜ್ಜೆ ಬಿತ್ತಿದ. ಗೊಬ್ಬರ ಕೊಳ್ಳುವುದನ್ನು ಬಿಟ್ಟ. ಸೆನೆಗಾಲಿನ ಮಡಿಲಲ್ಲೇ ನದಿಯುದ್ದಕ್ಕೆ ಚಾಚಿರುವ ಗ್ಯಾಂಬಿಯಾ ಎಂಬ ಪುಟ್ಟ ದೇಶಕ್ಕೆ ರಾತ್ರೋರಾತ್ರಿ ಕಾಯಿ ಸಾಗಿಸಿದವರೂ ಇದ್ದರು. 1970-71ರ ಹೊತ್ತಿಗೆ ಬೆಳೆ 6 ಲಕ್ಷ ಟನ್ನಿಗಿಂತ ಕೆಳಗೆ ಬಂತು. ಸರಕಾರಕ್ಕೂ ಗಾಬರಿಯಾಯಿತು. ಆ ದೇಶದ ಚರಿತ್ರೆ ಬರೆಯುವವರು ಈ ಕಾಲವನ್ನು ರೈತರ ಬೇಸರದ ಕಾಲ ಎಂದೇ ಕರೆಯುತ್ತಾರೆ.

ನ್ಯಾಯವಾಗಿ ಹೇಳಬೇಕಾದರೆ ಎಲ್ಲ ತಪ್ಪನ್ನೂ ಯೂರೋಪಿನ ಒಪ್ಪಂದದ ಮೇಲೆ ಹೊರಿಸುವಂತಿಲ್ಲ. ಬರ ಯಾರ ಸಹಿಯಿಂದಲೂ ಬಂದದ್ದಲ್ಲ. ನೆಲ ದಣಿದಿತ್ತು. ಅಲ್ಲಿನ ಖರೀದಿ ಸಂಸ್ಥೆಯೂ ರೈತನ ಪಾಲಿನಲ್ಲಿ ತನ್ನ ಪಾಲು ತೆಗೆಯುತ್ತಿತ್ತು. 1973-74ರಲ್ಲಿ ಪ್ರಪಂಚದಲ್ಲಿ ಎಣ್ಣೆಯ ಬೆಲೆ ಜಿಗಿದಾಗ ಆ ಏರಿಕೆಯ ಒಂದು ಭಾಗ ಮಾತ್ರ ರೈತನಿಗೆ ತಲುಪಿತು. ಇಳಿದಾಗ ಇಳಿಕೆ ರೈತನದು, ಏರಿದಾಗ ಏರಿಕೆಯಲ್ಲಿ ಪಾಲುಗಾರರು ಹಲವರು!

ಮುಂದೆ 1975ರ ಫೆಬ್ರವರಿ 28ರಂದು ಟೋಗೋ ದೇಶದ ಲೋಮೆಯಲ್ಲಿ ಇನ್ನೂ ದೊಡ್ಡ ಒಪ್ಪಂದವಾಯಿತು. ಈ ಸಲ ಆಫ್ರಿಕ, ಕೆರಿಬಿಯನ್ ಮತ್ತು ಪೆಸಿಫಿಕ್ ಕಡೆಯ 46 ದೇಶಗಳು ಸೇರಿದವು. ಅದರಲ್ಲಿ ಸ್ಟಾಬೆಕ್ಸ್ ಎಂಬ ಏರ್ಪಾಟು ಬಂತು. ಕಡಲೆಕಾಯಿಯಂಥ ಸರಕಿನ ರಫ್ತಿನ ವರಮಾನ ಹಿಂದಿನ ನಾಲ್ಕು ವರ್ಷದ ಸರಾಸರಿಗಿಂತ ಗೊತ್ತಾದ ಮಟ್ಟಕ್ಕೆ ಇಳಿದರೆ ಯೂರೋಪು ಹಣ ತುಂಬಿಕೊಡುತ್ತಿತ್ತು. ಒಂದು ಬಗೆಯ ವಿಮೆ ಅನ್ನಿ. ಅದರಿಂದ ಹೆಚ್ಚು ನೆರವು ಪಡೆದ ದೇಶಗಳಲ್ಲಿ ಸೆನೆಗಾಲ್ ಒಂದು. ಒಳ್ಳೆಯ ಏರ್ಪಾಟೇ, ಆದರೆ ಹಣ ಬರುತ್ತಿದ್ದದ್ದು ಸರಕಾರದ ಖಜಾನೆಗೆ, ಬೆಳೆ ಕಳೆದುಕೊಂಡ ರೈತನ ಚೀಲಕ್ಕಲ್ಲ. 2000ದಲ್ಲಿ ಕೊಟೊನೂ ಒಪ್ಪಂದವಾದಾಗ ಆ ಏರ್ಪಾಟೂ ಕೊನೆಗೊಂಡಿತು. ಅಷ್ಟರಲ್ಲಿ ರಫ್ತಿನಲ್ಲಿ ಕಡಲೆಕಾಯಿಯ ಮೊದಲ ಸ್ಥಾನವನ್ನು ಮೀನು ಹಿಡಿದಿತ್ತು. 2010ರ ದಶಕದಲ್ಲಿ ಚೀನಾ ದೇಶದವರು ಬಂದು ಸೆನೆಗಾಲಿನ ಕಾಯಿಗೆ ದೊಡ್ಡ ಗಿರಾಕಿಯಾದರು. ಗಿರಾಕಿ ಬದಲಾಗುತ್ತಾರೆ, ಬೆಳೆಗಾರ ಅಲ್ಲೇ ಇರುತ್ತಾನೆ.

ಇಷ್ಟು ಹೇಳಿದ ಮೇಲೆ ನೀವು ಕೇಳಬಹುದು: "ಹಾಗಾದರೆ ಹೆಚ್ಚಿನ ಬೆಲೆ ಕೊಟ್ಟದ್ದೇ ತಪ್ಪೇನು ಸ್ವಾಮೀ? ಕೊಟ್ಟರೆ ಬೇಡ ಅನ್ನಬೇಕೆ?" ಖಂಡಿತ ಬೇಡ ಅನ್ನಬೇಕಾಗಿಲ್ಲ. ಆ ಬೆಲೆಯಿಂದ ಎಷ್ಟೋ ಮನೆಗಳಲ್ಲಿ ದೀಪ ಹಚ್ಚಿದ್ದುಂಟು. ಆ ನಿಧಿಯಿಂದ ರಸ್ತೆ, ಶಾಲೆ, ಆಸ್ಪತ್ರೆಗಳೂ ಎದ್ದವು. ಆದರೆ ಅದು ಹಂಗಿನ ಬೆಲೆ. ಒಬ್ಬರ ಮರ್ಜಿಯಿಂದ ಬಂದದ್ದು. ಕೊಡುವವನ ಮನೆಯಲ್ಲಿ ಹೊಸ ಪಾಲುಗಾರಿಕೆ ಶುರುವಾದ ದಿನ, ಆ ಮರ್ಜಿ ಮಾತುಕತೆಯಲ್ಲಿ ಬಿಟ್ಟುಕೊಡುವ ಸರಕಾಗುತ್ತದೆ. ಹಂಗಿನ ಬೆಲೆ ಇರುವಾಗ ಅದರಿಂದ ಹಂಗಿಲ್ಲದ ಬದುಕನ್ನು ಕಟ್ಟಿಕೊಂಡವನು ಜಾಣ; ಅದನ್ನೇ ಶಾಶ್ವತವೆಂದು ನಂಬಿ ಸಾಲ ಮಾಡಿದವನಿಗೆ ಕಷ್ಟ.

ನಮ್ಮ ಮನೆಗೂ ಇದು ಸಂಬಂಧಪಟ್ಟ ಮಾತೇ. ನಮ್ಮ ದೇಶ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಇಂಡೊನೇಷ್ಯಾ, ಮಲೇಷ್ಯಾದಿಂದ ತಾಳೆ ಎಣ್ಣೆ, ದಕ್ಷಿಣ ಅಮೆರಿಕದಿಂದ ಸೋಯಾ ಎಣ್ಣೆ ಬರುತ್ತದೆ. ಅದರ ಮೇಲಿನ ಸುಂಕವನ್ನು ಏರಿಸಿದರೆ ಎಣ್ಣೆ ಕೊಳ್ಳುವ ಮನೆಯವರಿಗೆ ಭಾರ, ಎಣ್ಣೆಬೀಜ ಬೆಳೆಯುವವರಿಗೆ ನೆರಳು. ಇಳಿಸಿದರೆ ಅದರ ತಿರುವುಮುರುವು. ನಮ್ಮ ಕಾಯಿಯ ಬೆಲೆಯ ಒಂದು ಹಗ್ಗ ಬಂದರಿನ ಸುಂಕದ ಕಟ್ಟೆಗೆ ಕಟ್ಟಿದೆ ಎಂಬುದನ್ನು ಮರೆಯಕೂಡದು. ಆದ್ದರಿಂದ ಸೆನೆಗಾಲಿನ ಅನುಭವದಿಂದ ನಾಲ್ಕು ಮಾತುಗಳನ್ನು ನಮ್ಮ ಕಣಜದಲ್ಲಿ ಇಟ್ಟುಕೊಳ್ಳೋಣ.

ಮೊದಲನೆಯದು, ಊಟದ ಬೆಳೆಯನ್ನು ಬಿಡಬೇಡಿ. ಎಷ್ಟೇ ಒಳ್ಳೆಯ ಬೆಲೆ ಇರಲಿ, ರಾಗಿಗೋ ಜೋಳಕ್ಕೋ ಸಜ್ಜೆಗೋ ಒಂದು ಭಾಗ ಹೊಲ ಇರಲಿ. ಕಡಲೆಕಾಯಿ ಸಾಲುಗಳ ನಡುವೆ ತೊಗರಿ ಇರಲಿ. ಬೆಳೆ ಬದಲಿಸಿ ಹಾಕಿದರೆ ನೆಲಕ್ಕೂ ಒಳ್ಳೆಯದು, ರೋಗವೂ ಕಡಿಮೆ. ಬೆಲೆ ಬಿದ್ದ ವರ್ಷ ಸೆನೆಗಾಲಿನ ರೈತನನ್ನು ಉಳಿಸಿದ್ದು ಸಜ್ಜೆಯೇ.

ಎರಡನೆಯದು, ಬಿತ್ತನೆ ಬೀಜ ಮನೆಯಲ್ಲೇ ಇರಲಿ. ಒಳ್ಳೆಯ ಗಿಡದ ಬಲಿತ ಕಾಯನ್ನು ಆರಿಸಿ, ಚೆನ್ನಾಗಿ ಒಣಗಿಸಿ, ಸಿಪ್ಪೆ ಸಮೇತ ಇಡಿ. ತಾಯಂದಿರೇ, ಈ ಕೆಲಸ ನಿಮ್ಮ ಕೈಯಲ್ಲಿದೆ. ನೂರಕ್ಕೆ ನೂರಾ ಇಪ್ಪತ್ತೈದು ಅಳೆದು ಕೊಡುವ ಪ್ರಮೇಯ ಯಾರಿಗೂ ಬರಬಾರದು.

ಮೂರನೆಯದು, ಒಣಗಿಸುವುದರಲ್ಲಿ ಉದಾಸೀನ ಬೇಡ. ಯೂರೋಪಿನ ಬಾಗಿಲಲ್ಲಿ ಈಗ ಕಾಯಿಯನ್ನು ನಿಲ್ಲಿಸುವುದು ಸುಂಕಕ್ಕಿಂತ ಹೆಚ್ಚಾಗಿ ಬೂಷ್ಟಿನ ವಿಷ. ಅದಕ್ಕೆ ಅಫ್ಲಾಟಾಕ್ಸಿನ್ ಎನ್ನುತ್ತಾರೆ. ಹಾಗೆಯೇ ತಿನ್ನುವ ಕಡಲೆಬೀಜದಲ್ಲಿ ನೂರು ಕೋಟಿ ಪಾಲಿಗೆ ನಾಲ್ಕು ಪಾಲಿಗಿಂತ ಹೆಚ್ಚು ಇದ್ದರೆ ಅಲ್ಲಿ ಒಳಗೆ ಬಿಡುವುದಿಲ್ಲ. ಆ ವಿಷ ನಮ್ಮ ಮಕ್ಕಳ ಹೊಟ್ಟೆಗೂ ಒಳ್ಳೆಯದಲ್ಲ. ಕಿತ್ತ ಗಿಡವನ್ನು ಕಾಯಿ ಮೇಲಾಗಿ ಒಣಗಿಸಿ. ಹಸಿ ಕಾಯಿ ರಾಶಿ ಹಾಕಬೇಡಿ. ಒಡೆದ ಕಾಯಿ, ಬೂಷ್ಟು ಹಿಡಿದ ಕಾಯಿ ಬೇರೆ ಮಾಡಿ.

ನಾಲ್ಕನೆಯದು, ಒಬ್ಬೊಬ್ಬರೇ ಮಂಡಿಗೆ ಹೋಗಬೇಡಿ. ಸಂಘ ಕಟ್ಟಿಕೊಂಡು ಉಗ್ರಾಣ, ಗಾಣ ಮಾಡಿಕೊಂಡರೆ ಎಣ್ಣೆಯೂ ಹಿಂಡಿಯೂ ನಿಮ್ಮವೇ. ಮಾರುವ ಹೊತ್ತೂ ನಿಮ್ಮದೇ. ಬೆಲೆಯ ಮಾತು ನಡೆಯುವ ಮೇಜಿನಲ್ಲಿ ರೈತನಿಗೊಂದು ಕುರ್ಚಿ ಬೇಕು. ಆ ಕುರ್ಚಿ ಒಂಟಿ ರೈತನಿಗೆ ಸಿಕ್ಕುವುದಿಲ್ಲ. ಒಟ್ಟಾಗಿ ಹೋದವರಿಗೆ ಸಿಕ್ಕುತ್ತದೆ.

"ಎಲ್ಲೋ ಕೂತು ಬೆಲೆ ಇಳಿಸಿದವರು ಯಾರು ಸ್ವಾಮೀ" ಎಂದು ಕೇಳಿದಿರಿ. ಸೆನೆಗಾಲಿನ ಮಟ್ಟಿಗೆ ಉತ್ತರ ಹೇಳಿದ್ದೇನೆ. ಅವರು ಕೆಟ್ಟವರೇನೂ ಅಲ್ಲ. ತಮ್ಮ ತಮ್ಮ ಮನೆಯ ಲೆಕ್ಕ ಸರಿಮಾಡಿಕೊಂಡವರು. ಅವರ ಲೆಕ್ಕದ ಪುಸ್ತಕದಲ್ಲಿ ಕಡಲೆಕಾಯಿ ಒಂದು ಸಾಲು. ಬೆಳೆದವನ ಮನೆಯಲ್ಲಿ ಮಾತ್ರ ಅದೇ ಇಡೀ ಪುಸ್ತಕ. ನಮ್ಮ ಪುಸ್ತಕದಲ್ಲಿ ಸಾಲುಗಳು ಹೆಚ್ಚಾಗಿರಲಿ, ಬರೆಯುವ ಕೈ ನಮ್ಮದೇ ಆಗಿರಲಿ.

ಮಳೆ ಬೆಳೆ ಚೆನ್ನಾಗಿ ಆಗಲಿ.